ಕಮಾನಿನ ಅಚ್ಚು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಗಂಟೆಯ ಸದ್ದಿಗಿಂತ ಅರ ಉಜ್ಜುವ ಸದ್ದೇ ಹೆಚ್ಚು.

ಆಶ್ರಮದ ಗುರುಗಳು ದೊಡ್ಡ ವಸ್ತುಗಳನ್ನು ಚಿಕ್ಕದಾಗಿ ಮಾಡುತ್ತಿದ್ದರು. ಹಡಗು, ಗಡಿಯಾರದ ಗೋಪುರ, ರೈಲಿನ ಎಂಜಿನ್ನು. ಎಲ್ಲವೂ ಅಳತೆಗೆ ಸರಿಯಾಗಿ, ಎರಡು ಕೈಯಲ್ಲಿ ತಬ್ಬುವಷ್ಟು. ಅವು ಊರಾಚೆಯ ಅಂಧ ಮಕ್ಕಳ ಶಾಲೆಗೆ ಹೋಗುತ್ತಿದ್ದವು. ಕಣ್ಣಿಗೆ ಸಿಗದ್ದು ಬೆರಳಿಗಾದರೂ ಸಿಗಲಿ ಎಂದು.

ಸುತ್ತಿನ ಜನ ಗುರುಗಳನ್ನು ಅಜ್ಜಾರು ಎನ್ನುತ್ತಿದ್ದರು.

ಕಲ್ಲಿನಾಥ ಅವರ ಹಿರಿಯ ಶಿಷ್ಯ. ಮೀಸೆ ಮೂಡುವ ಮೊದಲು ಬಂದವನಿಗೆ ಈಗ ಕಿವಿಯ ಬದಿಯಲ್ಲಿ ನರೆ ಬಂದಿತ್ತು. ಅಜ್ಜಾರು ಕೆತ್ತುವರು, ಅವನು ಅಚ್ಚು ಮಾಡಿ ಎರಕ ಹೊಯ್ಯುವನು. ಅಜ್ಜಾರು ಒಂದು ಗಾಲಿ ಕೆತ್ತಿದರೆ ಸಾಕು, ಎಂಜಿನ್ನಿನ ಉಳಿದ ಗಾಲಿಗಳೆಲ್ಲ ಅವನ ಅಚ್ಚಿನಿಂದ ಬರುತ್ತಿದ್ದವು.

ಒಮ್ಮೆ ಶಾಲೆಯ ಹುಡುಗಿ ಕಾಶವ್ವ ಅಜ್ಜಾರನ್ನು ಕೇಳಿದಳು.

"ಅಜ್ಜಾರ, ಸೇತುವಿ ಅಂದ್ರ ಏನ್ರಿ?"

"ಹೊಳಿ ದಾಟಾಕ ಕಟ್ಟಿರತಾರವ್ವ."

"ನಾ ದಾಟೇನ್ರಿ. ಅದು ರಸ್ತೀನ ಐತಿ. ಕಾಲಿಗೆ ಬ್ಯಾರೆ ಏನೂ ತಿಳೀಲಿಲ್ಲ."

ಅಜ್ಜಾರು ಮರುದಿನ ಸಾಗವಾನಿಯ ಒಂದು ತುಂಡು ತೆಗೆದುಕೊಂಡು ಕೂತರು.

ಹೊಳೆಯ ಮೇಲಿನ ಸೇತುವೆ ಕಲ್ಲಿನದು. ಒಂದರ ಪಕ್ಕ ಒಂದು, ಒಂದೇ ಆಕಾರದ ಕಮಾನುಗಳು. ಒಂದು ಕಮಾನು ಕೆತ್ತಿದರೆ ಸೇತುವೆಯೇ ಆದಂತೆ.

ಆದರೆ ಅಜ್ಜಾರ ಬಲಗೈ ಆ ವರ್ಷ ನಡುಗತೊಡಗಿತ್ತು. ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, ಉಸಿರು ಕಟ್ಟಿ, ಉಗುರಿನಷ್ಟು ಕೆತ್ತುವರು. ಮತ್ತೆ ಸುಮ್ಮನೆ ಕೂರುವರು.

ಕಲ್ಲಿನಾಥ ನೋಡುತ್ತಿದ್ದ. ಈ ಕಮಾನಿನ ಅಚ್ಚು ನನ್ನ ಕೈಯದೇ, ಎಂದುಕೊಳ್ಳುತ್ತಿದ್ದ.

ಆ ನಡುವೆ ದುಂಡಪ್ಪ ಬಂದ.

ದುಂಡಪ್ಪ ಸಕ್ಕರೆ ಗೊಂಬೆ ಮಾಡುವವನು. ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಆನೆ, ಒಂಟೆ, ನವಿಲು ತೆಗೆಯುವವನು. ವಯಸ್ಸಿನಲ್ಲಿ ಕಲ್ಲಿನಾಥನಿಗಿಂತ ದೊಡ್ಡವನು, ಹೊಟ್ಟೆಯಲ್ಲಿ ಇನ್ನೂ ದೊಡ್ಡವನು.

"ಯಾಕ ಬಂದಿಯಪ್ಪ?" ಅಜ್ಜಾರು ಕೇಳಿದರು.

"ಅಂಧ ಮಕ್ಕಳ ಸಾಲಿಗೆ ಸಕ್ಕರಿ ಆನಿ ಕೊಟ್ಟಿದ್ದೆರಿ. ಒಬ್ಬ ಹುಡುಗ ಕೈಯಾಡಿಸಿ, ಕಾಕಾ, ನಿನ್ನ ಆನಿಗೆ ಬಾಲ ಇಲ್ಲ ಅಂದ. ನೋಡತೀನಿ, ಖರೇನ ಇಲ್ಲ. ಬಾಲದ ಜಾಗಾದಾಗ ಗುಳ್ಳಿ ಕುಂತಿತ್ತು. ಇಷ್ಟು ವರ್ಷ ಕಣ್ಣಿದ್ದವರು ಯಾರೂ ಹೇಳಿದ್ದಿಲ್ರಿ."

"ಅವರು ತಿಂದುಬಿಡತಿದ್ರು."

"ಹೌದ್ರಿ. ಬಾಲ ಹುಡಕೂವಷ್ಟು ತಾಳ್ಮಿ ಯಾರಿಗೈತ್ರಿ."

ಅಜ್ಜಾರು ನಕ್ಕರು. ಭುಜ ಕುಣಿಯುವಂತೆ ನಕ್ಕರು.

ತಾನು ಅವರನ್ನು ಹೀಗೆ ನಗಿಸಿದ್ದು ಯಾವಾಗ ಎಂದು ಕಲ್ಲಿನಾಥ ನೆನಪು ಮಾಡಿಕೊಂಡ. ನೆನಪಾಗಲಿಲ್ಲ.

"ಕಲ್ಲಿನಾಥಾ, ಇವಗ ಎರಕ ಕಲಿಸು."

ಕಲ್ಲಿನಾಥ ಕಲಿಸಿದ. ಮೊದಲು ಬಯಲು ಅಚ್ಚು. ಸೇತುವೆಯ ತಡೆಗೋಡೆಗೆ ಚಪ್ಪಟೆ ಕಲ್ಲುಗಳು ಬೇಕಿದ್ದವು. ಅವಕ್ಕೆ ಒಂದೇ ಮಗ್ಗುಲು ಸಾಕು. ಮೂಲ ತುಂಡನ್ನು ಹಲಗೆಗೆ ಅಂಟಿಸಿ, ಸುತ್ತ ಗೋಡೆ ಕಟ್ಟಿ, ಮೇಲೆ ಸಿಲಿಕೋನ್ ರಬ್ಬರು ಹೊಯ್ದರೆ ಆಯಿತು. ಮರುದಿನ ಕಿತ್ತರೆ ಮೆತ್ತನೆಯ ಅಚ್ಚು.

"ಇವು ರೆಸಿನ್ನಿನ ಬಾಟ್ಲಿ. ಎರಡು. ಬ್ಯಾರೆ ಬ್ಯಾರೆ ಇದ್ದಾಗ ಎರಡೂ ಎಣ್ಣಿ ಹಂಗ ಹರೀತಾವ. ಸಮ ಪಾಲು ಕೂಡಿಸಿದರ ಬಿಸಿ ಆಗಿ ಕಲ್ಲಾಗತಾವ. ಹೊತ್ತು ಭಾಳ ಇರೂದಿಲ್ಲ."

"ಪಾಕ ಬಂದಂಗನ ಅನ್ರಿ."

"ಪಾಕ ಅಲ್ಲ. ಜೋರಾಗಿ ತಿರುವಬ್ಯಾಡ, ಗುಳ್ಳಿ ಏಳತಾವ. ಮಜ್ಜಿಗಿ ಕಡದಂಗ ಅಲ್ಲ, ಕೂಸಿನ ತಲಿ ಸವರಿದಂಗ."

ದುಂಡಪ್ಪ ತಿರುವಿ ಹೊಯ್ದ. ಹೊಯ್ದದ್ದು ನೊರೆಯೆದ್ದು ಉಬ್ಬಿ, ಅಚ್ಚು ದಾಟಿ ಮೇಜಿನ ಮೇಲೆ ಹರಿಯಿತು. ಇಡ್ಲಿಯಂತೆ ತೂತು ತೂತು.

"ಏನ ಮಾಡಿದಿ?"

"ಅಚ್ಚು ನೀರಾಗ ನೆನಸಿದ್ದೆರಿ. ಕಟ್ಟಿಗಿ ಅಚ್ಚು ನಾವು ನೆನಸೇ ಹೊಯ್ಯೂದು. ಇಲ್ಲಾಂದ್ರ ಸಕ್ಕರಿ ಬಿಡೂದಿಲ್ಲ."

ಕಲ್ಲಿನಾಥ ಮನಸಾರೆ ನಕ್ಕ. ಬಂದ ದಿನದಿಂದ ದುಂಡಪ್ಪ ಅವನಿಗೆ ಈಗಿನಷ್ಟು ಎಂದೂ ಹಿಡಿಸಿರಲಿಲ್ಲ.

"ನೀರು ಇದರ ವೈರಿ, ಮಾರಾಯಾ. ಈ ಅಚ್ಚಿಗೆ ಏನೂ ಬ್ಯಾಡ. ರೆಸಿನ್ ರಬ್ಬರಿಗೆ ಅಂಟೂದಿಲ್ಲ. ತಾನಾಗಿ ಬಿಡತೈತಿ."

"ಏನೂ ಬ್ಯಾಡ," ದುಂಡಪ್ಪ ತನಗೆ ತಾನೇ ಹೇಳಿಕೊಂಡ.

ಎರಡನೆಯ ಸಲ ಅವನು ಅಚ್ಚನ್ನು ಬಿಸಿಲಿಗೆ ಒಣಗಿಸಿದ. ಲೋಟವನ್ನು ಎದೆಯ ಮಟ್ಟಕ್ಕೆ ಎತ್ತಿ, ದಾರದಷ್ಟು ತೆಳ್ಳಗೆ ಧಾರೆ ಬಿಟ್ಟ. ಧಾರೆ ಎಲ್ಲಿಯೂ ಕಡಿಯಲಿಲ್ಲ, ಎಲ್ಲಿಯೂ ದಪ್ಪವಾಗಲಿಲ್ಲ. ಒಳಗಿದ್ದ ಗುಳ್ಳೆಗಳೆಲ್ಲ ಆ ದಾರದಲ್ಲಿ ಒಡೆದುಹೋದವು.

ಕಲ್ಲಿನಾಥನಿಗೆ ಆ ಧಾರೆ ಕಲಿಯಲು ಯೌವನ ಕಳೆದಿತ್ತು.

ಅವನು ತುಂಡನ್ನು ತೆಗೆದು, ಕಣ್ಣು ಮುಚ್ಚಿ, ಬೆರಳಾಡಿಸಿದ. ಆಶ್ರಮದಲ್ಲಿ ಕೆಲಸವನ್ನು ನೋಡುವ ಕ್ರಮವೇ ಅದು. ಒಂದು ಗುಳಿ ಸಿಗಲಿ ಎಂದು ಹುಡುಕಿದ. ಅಂಚಿನಲ್ಲಿ ಹುಡುಕಿದ, ಮೂಲೆಯಲ್ಲಿ ಹುಡುಕಿದ. ಸಿಗಲಿಲ್ಲ.

"ಅಡ್ಡಿ ಇಲ್ಲ," ಎಂದ.

ಅಂದಿನಿಂದ ಅವನಿಗೆ ಊಟ ರುಚಿಸದಾಯಿತು.

ಅಡುಗೆಯ ನೀಲವ್ವ ದುಂಡಪ್ಪನಿಗೆ ಇನ್ನೊಂದು ರೊಟ್ಟಿ ಹಾಕಿದರೆ ಕಲ್ಲಿನಾಥ ನೋಡುವನು. ಅಜ್ಜಾರು ಬೆಳಿಗ್ಗೆ "ಯಾರದೀರಿ ಅಲ್ಲೆ?" ಎಂದು ಕೂಗಿದರೆ, ಮೊದಲು ಓಗೊಟ್ಟವರು ಯಾರು ಎಂದು ನೋಡುವನು. ದುಂಡಪ್ಪ ಹೊಯ್ದ ಕಲ್ಲುಗಳನ್ನೂ ತಾನು ಹೊಯ್ದ ಕಲ್ಲುಗಳನ್ನೂ ಬೆರೆಸಿಟ್ಟು, ಕಣ್ಣು ಮುಚ್ಚಿ ಬೇರೆ ಮಾಡಲು ನೋಡುವನು. ಬೇರೆ ಮಾಡಲಾಗುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ದುಂಡಪ್ಪ ಅವನನ್ನು ಅಣ್ಣಾರ ಎಂದು ಕರೆಯುತ್ತಿದ್ದ. ತನಗಿಂತ ಕಿರಿಯನನ್ನು. ಆ ವಿನಯವೂ ಕಲ್ಲಿನಾಥನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಾರು ಅರ ಕೆಳಗಿಟ್ಟರು. ಕಮಾನು ಮುಗಿದಿತ್ತು.

ಅದು ಬೊಗಸೆಯಲ್ಲಿ ಹಿಡಿಯುವಷ್ಟು. ಒಂದೊಂದು ಕಲ್ಲಿನ ಸಂದೂ ಬೆರಳಿಗೆ ತಿಳಿಯುತ್ತಿತ್ತು. ನೆತ್ತಿಯ ಬೀಗಗಲ್ಲು ಕೂದಲೆಳೆಯಷ್ಟು ಮುಂದೆ ಬಂದಿತ್ತು, ನಿಜವಾದ ಸೇತುವೆಯಲ್ಲಿ ಇದ್ದಂತೆಯೇ.

"ಇದು ಕಡೀದು," ಎಂದರು ಅಜ್ಜಾರು. "ಇನ್ನ ಈ ಕೈಲೆ ಆಗೂದಿಲ್ಲ. ಇದು ಹೋದರ ಸೇತುವೀನೂ ಹೋತು."

ಕಲ್ಲಿನಾಥ ಎರಡು ಕೈ ಮುಂದೆ ಮಾಡಿದ.

ಅಜ್ಜಾರು ಕಮಾನನ್ನು ದುಂಡಪ್ಪನ ಕೈಯಲ್ಲಿಟ್ಟರು.

"ಇದರ ಅಚ್ಚು ನೀ ಮಾಡು."

ಕಲ್ಲಿನಾಥನ ಕೈ ಅಲ್ಲಿಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಮೇಜಿನ ಮೇಲಿನ ಪುಡಿ ಒರೆಸಿದ.

ದುಂಡಪ್ಪ ಹೊರಗೆ ಹೋದ ಮೇಲೆ ಅವನು ಕೇಳಿದ.

"ಅಜ್ಜಾರ, ಅವಗ ಯಾಕ ಕೊಟ್ರಿ?"

"ನೀ ಅವಗ ಎಲ್ಲಾ ಕಲಿಸೀಯೇನು?"

"ಬಯಲು ಅಚ್ಚು ಕಲಿಸೇನ್ರಿ. ಕಮಾನಿಗೆ ಎರಡು ಹೋಳಿನ ಅಚ್ಚು ಬೇಕು. ಅದನ್ನ ಇನ್ನೂ ಕಲಿಸಿಲ್ರಿ."

"ಹಂಗಾರ ಕಲಿಸು," ಎಂದರು ಅಜ್ಜಾರು.

ಕಲ್ಲಿನಾಥ ಕಲಿಸಿದ.

ಕಮಾನನ್ನು ಅರ್ಧ ಮಾತ್ರ ಮೆತ್ತನೆಯ ಜೇಡಿಮಣ್ಣಿನಲ್ಲಿ ಹುದುಗಿಸುವುದನ್ನು ಹೇಳಿದ. ಜೇಡಿಯಲ್ಲಿ ಅಲ್ಲಲ್ಲಿ ಗುಳಿ ಒತ್ತುವುದನ್ನು ಹೇಳಿದ. ಆ ಗುಳಿಯಲ್ಲಿ ರಬ್ಬರು ಇಳಿದು ಉಬ್ಬಾಗುತ್ತದೆ, ಮುಂದೆ ಎರಡು ಹೋಳೂ ತಪ್ಪದೆ ಒಂದರೊಳಗೊಂದು ಕೂರುತ್ತವೆ. ಮೊದಲ ಹೋಳು ಹೊಯ್ಯಿಸಿದ. ಮರುದಿನ ಅದನ್ನು ಬೋರಲು ಮಾಡಿಸಿ, ಜೇಡಿ ಬಿಡಿಸಿದ. ಈಗ ಕಮಾನು ಅರ್ಧ ರಬ್ಬರಿನ ಹಾಸಿಗೆಯಲ್ಲಿ ಮಲಗಿತ್ತು, ಅರ್ಧ ಮೇಲಿತ್ತು.

"ಇದರ ಮ್ಯಾಲ ಎರಡನೇದು ಹೊಯ್ಯಬೇಕು. ಆಮ್ಯಾಲ ಬಿಡಿಸಿ, ಕಮಾನು ತಗದು, ಖಾಲಿ ಜಾಗಾಕ್ಕ ರೆಸಿನ್ ಬಿಡೂದು."

ಒಂದು ಮಾತು ಉಳಿದಿತ್ತು.

ಎರಡನೆಯ ಹೋಳು ಹೊಯ್ಯುವ ಮೊದಲು, ಮೊದಲ ಹೋಳಿನ ಮೇಲೆ ವ್ಯಾಸಲೀನಿನ ಒಂದು ತೆಳು ಪದರ ಸವರಬೇಕು. ಕಂಡೂ ಕಾಣದಷ್ಟು. ರಬ್ಬರಿಗೆ ಬೇರೇನೂ ಅಂಟುವುದಿಲ್ಲ. ರಬ್ಬರು ಮಾತ್ರ ಅಂಟುತ್ತದೆ.

ದುಂಡಪ್ಪ ಅಚ್ಚಿನ ಕಪಾಟಿನ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ಚಿಕ್ಕ ಡಬ್ಬಿ.

"ಅಣ್ಣಾರ, ಈ ವ್ಯಾಸಲೀನು ಯಾತಕ್ಕರಿ?"

"ಹಿಮ್ಮಡಿ ಒಡಕಿಗೆ," ಎಂದ ಕಲ್ಲಿನಾಥ.

ಮಾತು ತಾನಾಗಿ ಬಂದಿತ್ತು. ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ.

ದುಂಡಪ್ಪ ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟ. ಮತ್ತೆ ಕೇಳಿದ.

"ಹಂಗಾರ ಹೊಯ್ಯೂಕಿಂತ ಮೊದಲ ಏನೂ ಬ್ಯಾಡರಿ? ನೀರಿನ ಕೆಲಸಾ ಮಾಡಿ ಒಮ್ಮೆ ಕೆಟ್ಟೇನಿ, ಅದಕ್ಕ ಕೇಳಿದೆ."

"ಮೊದಲ ದಿನಾನ ಹೇಳೇನಲ್ಲ. ರೆಸಿನ್ ರಬ್ಬರಿಗೆ ಅಂಟೂದಿಲ್ಲ."

ಹೇಳಿದ್ದು ನಿಜವೇ ಆಗಿತ್ತು. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ.

ಕಲ್ಲಿನಾಥ ಡಬ್ಬಿ ತೆಗೆದುಕೊಂಡು ಹೊಳೆಗೆ ಹೋದ. ಕಲ್ಲಿನ ಮೇಲೆ ಕೂತು, ಎರಡೂ ಹಿಮ್ಮಡಿಗೆ ವ್ಯಾಸಲೀನು ಹಚ್ಚಿಕೊಂಡ. ಆ ಮಾತೂ ಸುಳ್ಳಾಗಬಾರದೆಂದು.

ಆಮೇಲೆ ಒಗೆದ ಪಂಚೆಯನ್ನೇ ಮತ್ತೊಮ್ಮೆ ಒಗೆದ.

ಎದುರಿಗೆ ಸೇತುವೆ ಕಾಣುತ್ತಿತ್ತು. ಎತ್ತಿನ ಗಾಡಿಯೊಂದು ಈ ತುದಿಯಿಂದ ಆ ತುದಿಗೆ ಹೋಯಿತು. ರಬ್ಬರು ಹೊಯ್ದ ಕೂಡಲೇ ಗಟ್ಟಿಯಾಗುವುದಿಲ್ಲ. ಎದ್ದು ಹೋಗಿ ಹೇಳಿದರೆ, ಇನ್ನೂ ಬಳಿದು ತೆಗೆಯಬಹುದಿತ್ತು. ಗಾಡಿ ತಿರುಗಿ ಬಂತು. ಕಲ್ಲಿನಾಥ ಪಂಚೆಯನ್ನು ಹಿಂಡಿ, ಕೊಡವಿ, ಮತ್ತೆ ನೀರಿಗೆ ಅದ್ದಿದ.

ಮರುದಿನ ದುಂಡಪ್ಪ ಅಚ್ಚಿನ ಗೋಡೆ ಬಿಚ್ಚಿದ.

ಹಾಲಿನಂತೆ ಬೆಳ್ಳಗಿನ ಒಂದು ಇಟ್ಟಿಗೆ. ಎರಡು ಹೋಳು ಸೇರಿದ ಗೆರೆ ಎಲ್ಲಿಯೂ ಇರಲಿಲ್ಲ. ಅವನು ಉಗುರಿನಿಂದ ಕೆದಕಿದ. ಎರಡು ಕೈಯಿಂದ ಹಿಗ್ಗಿಸಿ ಎಳೆದ. ರಬ್ಬರು ಬಾಗಿತು, ಬಳುಕಿತು, ಬಿಡಲಿಲ್ಲ.

"ಅಣ್ಣಾರ, ಇದು ಬಿಡವಲ್ದು."

ಕಲ್ಲಿನಾಥ ಬಾಗಿಲಲ್ಲಿ ನಿಂತಿದ್ದ.

ದುಂಡಪ್ಪ ಸೋಲುವುದನ್ನು ಅವನು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದ. ಆ ಚಿತ್ರದಲ್ಲಿ ದುಂಡಪ್ಪನ ಮುಖವಿತ್ತು, ತಾನಿದ್ದ, ಅಜ್ಜಾರಿದ್ದರು. ಕಮಾನು ಇರಲಿಲ್ಲ.

ಈಗ ನೋಡಿದರೆ ಕಮಾನು ಆ ಇಟ್ಟಿಗೆಯ ಒಳಗಿತ್ತು.

ದುಂಡಪ್ಪ ಅದನ್ನು ಎತ್ತಿಕೊಂಡು ಅಜ್ಜಾರ ಬಳಿಗೆ ಹೋದ. ಕಲ್ಲಿನಾಥ ಹಿಂದೆ ಹೋದ.

"ನನ್ನಿಂದ ಕೆಟ್ಟತ್ರಿ," ಎಂದ ದುಂಡಪ್ಪ. "ಹ್ಯಾಂಗ ಕೆಟ್ಟತೋ ತಿಳೀವಲ್ದು. ಸಕ್ಕರಿ ಹೊಯ್ಯೂ ಕೈಗೆ ಇದು ದಕ್ಕಲಿಲ್ರಿ. ನಾ ಊರಿಗೆ ಹೊಂಡತೀನಿ."

ಅಜ್ಜಾರು ಇಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿದರು. ಅದರ ಮೈಮೇಲೆ ಹೆಬ್ಬೆರಳು ಎಳೆದರು. ಆಮೇಲೆ ಅದನ್ನು ಕಲ್ಲಿನಾಥನಿಗೆ ಚಾಚಿದರು.

"ತೆರಿ."

"ಇದು ತೆರೆಯೂದಿಲ್ರಿ ಅಜ್ಜಾರ. ಒಂದಾಗೈತಿ."

"ಯಾಕ ಒಂದಾತು?"

ಕಲ್ಲಿನಾಥ ತಡೆದು ಹೇಳಿದ. "ರಬ್ಬರಿಗೆ ರಬ್ಬರು ಅಂಟತೈತ್ರಿ."

"ರೆಸಿನ್?"

"ಅಂಟೂದಿಲ್ರಿ."

"ಜೇಡಿ?"

"ಅಂಟೂದಿಲ್ರಿ."

"ಕಟ್ಟಿಗಿ? ಕಬ್ಬಿಣ?"

"ಯಾವುದೂ ಅಂಟೂದಿಲ್ರಿ."

"ಬರೇ ತನ್ನಂಥದಕ್ಕ."

"ಹೌದ್ರಿ. ತನ್ನಂಥದಕ್ಕ ಮಾತ್ರ."

ಅಜ್ಜಾರು ಅಡುಗೆಮನೆಯ ಕಡೆ ಕಿವಿಗೊಟ್ಟರು. ಒಳಗೆ ನೀಲವ್ವ ಬೀಸುತ್ತ ಹಾಡುತ್ತಿದ್ದಳು.

"ನೀಲವ್ವ ಎಷ್ಟು ಛಲೋ ಹಾಡತಾಳ."

"ಹೌದ್ರಿ."

"ಅಕೀ ಹಾಡು ಕೇಳಿ ನಿನಗ ಎಂದರ ಊಟ ಸೇರದಂಗ ಆಗೈತೇನು?"

ಕಲ್ಲಿನಾಥ ನೆಲ ನೋಡಿದ.

"ಇಲ್ರಿ."

ಅಜ್ಜಾರು ಹಾಡು ಮುಗಿಯುವವರೆಗೆ ಕೂತಿದ್ದು ಎದ್ದು ಹೋದರು.

"ನಾ ಏನೂ ಮಾಡಿಲ್ರಿ," ಕಲ್ಲಿನಾಥ ಅವರ ಬೆನ್ನಿಗೆ ಹೇಳಿದ.

"ಹೌದಪ್ಪಾ," ಎಂದರು ಅಜ್ಜಾರು, ತಿರುಗದೆ. "ಏನೂ ಮಾಡಿಲ್ಲ."

ಕಲ್ಲಿನಾಥ ಮೇಜಿನ ಮುಂದೆ ಕೂತ. ತೆಳು ಅಲಗಿನ ಚೂರಿ ಮಸೆದುಕೊಂಡ.

ಇನ್ನು ಉಳಿದ ದಾರಿ ಒಂದೇ. ಇಟ್ಟಿಗೆಯನ್ನು ಕೊಯ್ದು ತೆರೆಯಬೇಕು. ಕೊಯ್ಲು ಕಮಾನಿನ ಮೈಯ ಸುತ್ತ, ಮೈಗೆ ತಾಗದಂತೆ ಹೋಗಬೇಕು. ತಾಗಿದರೆ ಸಾಗವಾನಿಗೂ ಅದನ್ನು ಅಪ್ಪಿದ ರಬ್ಬರಿಗೂ ಗಾಯ. ಆ ಗಾಯ ಮುಂದೆ ಹೊಯ್ಯುವ ಕಮಾನು ಕಮಾನಿಗೂ ಬರುತ್ತದೆ. ಅಚ್ಚಿಗೆ ಬೇಕಾದ್ದು ಬೇಡವಾದ್ದು ಎಂಬ ಭೇದವಿಲ್ಲ.

ಅವನು ಒಂದು ಮೂಲೆಯಲ್ಲಿ ಅಲಗು ಇಳಿಸಿದ. ರಬ್ಬರು ಬಾಯಿಬಿಟ್ಟಿತು, ಒಳಗೂ ಬಿಳಿ. ಇನ್ನೂ ಇಳಿಸಿದ. ಬಿಳಿ. ಕಮಾನಿನ ಕಾಲು ಎಲ್ಲಿ, ನೆತ್ತಿ ಎಲ್ಲಿ?

ಅಲಗಿನ ತುದಿಗೆ ಏನೋ ಗಟ್ಟಿಯಾದದ್ದು ತಾಗಿತು.

ಕಲ್ಲಿನಾಥ ಚೂರಿಯನ್ನು ಹಿಂದಕ್ಕೆ ತೆಗೆದ. ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದ. ಅಜ್ಜಾರಂತೆ.

ಕಮಾನನ್ನು ಒಳಗೆ ಮಲಗಿಸಿದವನು ಅವನಲ್ಲ. ಅದು ಹೇಗೆ ಮಲಗಿದೆ ಎಂದು ಬಲ್ಲವನು ಹೊರಗೆ ಜಗಲಿಯಲ್ಲಿ ಗಂಟು ಕಟ್ಟುತ್ತಿದ್ದ.

"ದುಂಡಪ್ಪ."

ದುಂಡಪ್ಪ ಇಣುಕಿದ.

"ಕಮಾನು ಹ್ಯಾಂಗ ಮಲಗಿಸಿದ್ದಿ?"

ದುಂಡಪ್ಪ ಬಂದು ಎದುರಿಗೆ ಕೂತ. ಇಟ್ಟಿಗೆಯ ಮೇಲೆ ಎರಡು ಅಂಗೈ ಇಟ್ಟು ಕಣ್ಣು ಮುಚ್ಚಿದ.

"ಕಾಲು ನಿಮ್ಮ ಕಡೆ ಅದಾವ್ರಿ. ನೆತ್ತಿ ನನ್ನ ಕಡೆ. ಎಡಗಾಲು ಒಂಚೂರು ಎತ್ತರಕ್ಕ ಐತಿ, ಜೇಡಿ ಅಲ್ಲಿ ದಪ್ಪ ಆಗಿತ್ತು. ನೀವು ಈಗ ಕೊಯ್ದದ್ದು ಹೊಟ್ಟಿ ಕೆಳಗ."

"ತಾಗೇತಿ."

"ತಾಗಿರಬೇಕ್ರಿ."

"ಬೆರಳಿಡು. ಎಲ್ಲಿ ತಿರುವಲಿ ಹೇಳು."

ಒಬ್ಬ ಹೇಳುವನು, ಒಬ್ಬ ಕೊಯ್ಯುವನು. ಕೊಯ್ದಷ್ಟು ಬಾಯನ್ನು ದುಂಡಪ್ಪ ಹೆಬ್ಬೆರಳಿನಿಂದ ಅಗಲಿಸಿ ಹಿಡಿಯುವನು. ಕಲ್ಲಿನಾಥ ಅಲಗನ್ನು ನೇರ ಒಯ್ಯಲಿಲ್ಲ, ಹಾವು ಹರಿದಂತೆ ಬೇಕೆಂದೇ ಅಂಕುಡೊಂಕಾಗಿ ಒಯ್ದ. ಡೊಂಕಾಗಿ ಕೊಯ್ದ ಹೋಳುಗಳು ಮತ್ತೆ ಸೇರುವಾಗ ಜಾರುವುದಿಲ್ಲ. ಅದನ್ನೂ ಹೇಳಿದ. ದುಂಡಪ್ಪ ಹೂಂಗುಟ್ಟಿದ.

ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಿತು. ನೀಲವ್ವ ಊಟಕ್ಕೆ ಕರೆದು, ನೋಡಿ, ಹಾಗೆಯೇ ತಿರುಗಿ ಹೋದಳು.

ಕೊಯ್ಲು ನೆತ್ತಿಯ ಹತ್ತಿರ ಬಂದಾಗ ಕಲ್ಲಿನಾಥ ಅಲಗು ನಿಲ್ಲಿಸಿದ.

"ದುಂಡಪ್ಪ, ಆ ಡಬ್ಬಿ..."

"ಹಿಮ್ಮಡಿ ಒಡಕಿನ ಡಬ್ಬೀರಿ?"

ಕಲ್ಲಿನಾಥ ತಲೆಯೆತ್ತಿದ.

"ಹಿಮ್ಮಡಿಗೆ ಹಚ್ಚೂದನ್ನ ಯಾರರ ಅಚ್ಚಿನ ಕಪಾಟಿನ್ಯಾಗ ಇಡತಾರೇನ್ರಿ ಅಣ್ಣಾರ? ಈಗ ಅಜ್ಜಾರು ನಿಮಗ ಕೇಳೂಮುಂದ ನನಗ ತಿಳೀತು. ಅಚ್ಚು ಬಿಡಾಕ ನಾವು ನೀರು, ನೀವು ವ್ಯಾಸಲೀನು."

"ತಿಳದೂ ಸುಮ್ಮನಿದ್ದಿಯಲ್ಲ."

"ಗಂಟು ಕಟ್ಟೂಮುಂದ ಸುಮ್ಮನಿರಲಿಲ್ರಿ. ನಿಮ್ಮನ್ನ ಬೈಯೂವಷ್ಟು ಬೈದೇನಿ. ನೀವು ಒಳಗಿದ್ರಿ, ಕೇಳಲಿಲ್ಲ."

ರಬ್ಬರಿನ ಬಾಯಿಯನ್ನು ಹಿಡಿದಿದ್ದ ದುಂಡಪ್ಪನ ಹೆಬ್ಬೆರಳು ಸಡಿಲಲಿಲ್ಲ.

"ಈಗರ ಮೆತ್ತಗಾದುವೇನ್ರಿ?"

"ಏನು?"

"ಹಿಮ್ಮಡಿ."

ಕಲ್ಲಿನಾಥನಿಗೆ ನಗು ಬರಲಿಲ್ಲ. ಮುಖ ಮಾತ್ರ ಕಿವಿಯವರೆಗೆ ಬಿಸಿಯಾಯಿತು.

"ಇನ್ನೂ ಒಡಕು ಐತಿ," ಎಂದ.

"ಹಂಗಾರ ಕೊಯ್ರಿ. ನನ್ನ ಕೈ ಸೋಲಾಕತ್ತೈತಿ."

ಅಲಗು ನೆತ್ತಿಯನ್ನು ಬಳಸಿ ಬಂತು. ಇಟ್ಟಿಗೆ ಎರಡಾಯಿತು. ದುಂಡಪ್ಪ ಕಮಾನನ್ನು ಹೊರಗೆ ತೆಗೆದು, ಕಣ್ಣು ಮುಚ್ಚಿ ಬೆರಳಾಡಿಸಿ, ಕಲ್ಲಿನಾಥನ ಕೈಗೆ ಕೊಟ್ಟ.

ಕಾಲುಗಳು ಸರಿಯಿದ್ದವು. ಸಂದುಗಳು ಸರಿಯಿದ್ದವು. ಹೊಟ್ಟೆಯ ಒಳಮಗ್ಗುಲಲ್ಲಿ ಒಂದು ಗೀರು. ಎಳ್ಳ ಕಾಳಿನಷ್ಟು ಉದ್ದ.

ಅದಕ್ಕೆ ಮೇಣ ತುಂಬೋಣವೇ ಎಂದು ದುಂಡಪ್ಪ ಕೇಳಿದ. ರಬ್ಬರಿನಲ್ಲಿಯೂ ಆ ಗೀರು ಆಗಲೇ ಇದೆ, ಎಂದ ಕಲ್ಲಿನಾಥ. ಅಲಗು ಎರಡನ್ನೂ ಕೂಡಿಯೇ ಕೊಯ್ದಿತ್ತು.

ಗೌರಿ ಹುಣ್ಣಿಮೆಯ ಹೊತ್ತಿಗೆ ಸೇತುವೆ ಮುಗಿಯಿತು. ಕಮಾನುಗಳನ್ನು ದುಂಡಪ್ಪ ಹೊಯ್ದ, ಕಲ್ಲಿನಾಥ ಅಚ್ಚು ಕಟ್ಟಿ ಕೊಟ್ಟ. ಕೆಲವು ಸಲ ಕಲ್ಲಿನಾಥ ಹೊಯ್ದ. ಆಗೆಲ್ಲ ಅವನು ದುಂಡಪ್ಪನ ಧಾರೆಗಿಂತ ತೆಳ್ಳಗೆ ಬಿಡಲು ನೋಡುತ್ತಿದ್ದ. ದುಂಡಪ್ಪನಿಗೆ ಅದು ಕಾಣುತ್ತಿತ್ತು. ಅವನೂ ಆಮೇಲೆ ಇನ್ನಷ್ಟು ತೆಳ್ಳಗೆ ಬಿಡುತ್ತಿದ್ದ.

ಶಾಲೆಯ ಮಕ್ಕಳು ಬಂದರು. ದುಂಡಪ್ಪ ಎಲ್ಲರಿಗೂ ಸಕ್ಕರೆ ಆನೆ ಹಂಚಿದ. ಮಕ್ಕಳು ಮೊದಲು ಬಾಲ ಹುಡುಕಿ, ಆಮೇಲೆ ತಿಂದರು.

ಕಾಶವ್ವನನ್ನು ಅಜ್ಜಾರು ಮೇಜಿನ ಹತ್ತಿರ ಕರೆತಂದರು. ಅವಳ ಬೆರಳನ್ನು ಸೇತುವೆಯ ತುದಿಗೆ ಮುಟ್ಟಿಸಿ ಬಿಟ್ಟರು.

ಕಾಶವ್ವ ಎರಡು ಬೆರಳನ್ನು ಕಾಲಿನಂತೆ ಮಾಡಿ ಸೇತುವೆಯ ಮೇಲೆ ನಡೆಸಿದಳು. ಆ ತುದಿ ಮುಟ್ಟಿದಳು.

"ರಸ್ತೀನ ಐತಲ್ರಿ," ಎಂದಳು.

"ಕೆಳಗ ನೋಡವ್ವ."

ಅವಳ ಕೈ ಅಂಚಿನಿಂದ ಇಳಿಯಿತು. ಒಂದು ಕಮಾನಿನೊಳಗೆ ಹೊಕ್ಕಿತು, ಆಚೆ ಬದಿಗೆ ಬಂತು. ಇನ್ನೊಂದರೊಳಗೆ ಹೊಕ್ಕಿತು.

"ಇಷ್ಟು ಖಾಲಿ ಇತ್ತೇನ್ರಿ?" ಎಂದಳು ಆಮೇಲೆ. "ನಾ ಇದರ ಮ್ಯಾಲ ಹಾದು ಹೋದೆ?"

"ಹಾದು ಹೋದಿ ಅವ್ವ."

ಅವಳ ಬೆರಳು ಒಳಮಗ್ಗುಲಲ್ಲಿ ನಿಂತಿತು. ಪಕ್ಕದ ಕಮಾನಿಗೆ ಹೋಯಿತು, ಅಲ್ಲಿಯೂ ನಿಂತಿತು.

"ಇಲ್ಲೊಂದು ಗೀರು ಐತ್ರಿ. ಇದರಾಗೂ ಐತಿ. ಎಲ್ಲಾದರಾಗೂ ಐತಿ. ಖರೇ ಸೇತುವಿಗೂ ಹಿಂಗ ಐತೇನ್ರಿ?"

ದುಂಡಪ್ಪ ಸಕ್ಕರೆಯ ಪುಟ್ಟಿಯಲ್ಲಿ ಏನನ್ನೋ ಹುಡುಕತೊಡಗಿದ.

"ಇಲ್ಲವ್ವ," ಎಂದ ಕಲ್ಲಿನಾಥ. "ಅದು ನಂದು."

"ನಿಮ್ಮ ಗುರುತೇನ್ರಿ?"

"ಹೂಂ."

"ಛಲೋ ಐತ್ರಿ," ಎಂದಳು ಕಾಶವ್ವ. ಬೆರಳನ್ನು ಮುಂದಿನ ಕಮಾನಿಗೆ ಒಯ್ದಳು.

ಮಕ್ಕಳು ಹೋದ ಮೇಲೆ ಅಜ್ಜಾರು ಹೊಳೆಯ ಮೆಟ್ಟಿಲಿಗೆ ಬಂದು ಕೂತರು. ಕಲ್ಲಿನಾಥ ಒಂದು ಮೆಟ್ಟಿಲು ಕೆಳಗೆ ಕೂತ. ಮೇಲೆ ಜಗಲಿಯಲ್ಲಿ ದುಂಡಪ್ಪ ನೀಲವ್ವನಿಗೆ ಏನೋ ಹೇಳಿ ನಗಿಸುತ್ತಿದ್ದ. ಕಲ್ಲಿನಾಥ ಕೇಳಿಸಿಕೊಂಡ. ಕೇಳಿಸಿಕೊಳ್ಳದಿರಲು ಇನ್ನೂ ಬರುತ್ತಿರಲಿಲ್ಲ.

"ಅಜ್ಜಾರ, ಒಂದು ಕೇಳಲೇನ್ರಿ?"

"ಕೇಳು."

"ನೀವು ಕಡೀಗೆ ಕೆತ್ತಿದ ಕಮಾನು. ಅದನ್ನ ನನ್ನ ಕೈಯಾಗ ಯಾಕ ಕೊಡಲಿಲ್ಲ?"

ಅಜ್ಜಾರು ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡರು. ಸೇತುವೆಯ ಕಮಾನುಗಳ ಕೆಳಗೆ ನೀರು ಹಾದು ಹೋಗುವುದನ್ನು ನೋಡಿದರು.

"ಅವನ ಕೈಯಾಗ ಕಮಾನು ಕೊಟ್ಟೆ," ಎಂದರು. "ನಿನ್ನ ಕೈಯಾಗ ಅವನನ್ನ ಕೊಟ್ಟಿದ್ದೆ."